ನಾಗರಖಂಡದ ನಾಳ್ಗಾವುಂಡೆ ಜಕ್ಕಿಯಬ್ಬೆ

ಕರ್ಣಾಟಕದ ಇತಿಹಾಸದಲ್ಲಿ ವೀರವನಿತೆಯರ ಹೆಸರುಗಳಿಗೆ ಕೊರತೆಯಿಲ್ಲ. ಕೆಳದಿಯ ಚೆನ್ನಮ್ಮಾಜಿ, ಉಳ್ಳಾಲದ ಅಬ್ಬಕ್ಕದೇವಿ, ಕಿತ್ತೂರಿನ ಚೆನ್ನಮ್ಮ, ಇವರ ಕಥೆಗಳನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆದರೆ ಇವರೆಲ್ಲರೂ ಅರಸಿಯರು. ಪಟ್ಟದ ಬಳಿಯಲ್ಲಿದ್ದವರು, ಪಟ್ಟಕ್ಕೆ ಆಪತ್ತು ಬಂದಾಗ ಅದನ್ನು ಕೈಗೆ ತೆಗೆದುಕೊಂಡವರು. ಅರಮನೆಯಿಂದ ಬಹುದೂರದಲ್ಲಿ, ಗದ್ದೆ ತೋಟಗಳ ನಡುವೆ, ಕಂದಾಯ ವ್ಯಾಜ್ಯ ಕಾವಲುಗಳೆಂಬ ನಿತ್ಯದ ಕೆಲಸಗಳನ್ನು ಹೊತ್ತು ಒಂದು ನಾಡಿನ ಮುಖ್ಯಸ್ಥೆಯಾಗಿದ್ದ ಹೆಂಗಸು ನಮ್ಮಲ್ಲಿ ಯಾರಾದರೂ ಇದ್ದಳೇ ಎಂದು ಕೇಳಿದರೆ, ವಿದ್ಯಾವಂತರಾದ ವಾಚಕರಲ್ಲಿಯೂ ಬಹುಮಂದಿ ಸುಮ್ಮನಾಗುವರು. ಅಂತಹವಳೊಬ್ಬಳು ಇದ್ದಳು. ಅವಳ ಹೆಸರು ಜಕ್ಕಿಯಬ್ಬೆ. ಅವಳು ಅಧಿಕಾರಕ್ಕೆ ಬಂದುದು ಕ್ರಿ. ಶ. 911ರ ಸುಮಾರಿನಲ್ಲಿ; ಎಂದರೆ ಇಂದಿಗೆ ಸಾವಿರದ ನೂರು ವರ್ಷಗಳಿಗೂ ಹಿಂದೆ.

ಇವಳ ವಿಷಯವನ್ನು ನಮಗೆ ತಿಳಿಸುವುದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿರುವ ಒಂದು ಶಿಲಾಶಾಸನ. ಮೈಸೂರು ಸಂಸ್ಥಾನದ ಪ್ರಾಚೀನ ವಸ್ತು ಶೋಧನದ ಇಲಾಖೆಯನ್ನು ಬಹುಕಾಲ ನಡೆಸಿದ ಲೂಯಿ ರೈಸ್ ಮಹಾಶಯರು 1902ರಲ್ಲಿ ಹೊರಪಡಿಸಿದ ಶಾಸನಗ್ರಂಥದ ಏಳನೆಯ ಸಂಪುಟದಲ್ಲಿ, ಶಿಕಾರಿಪುರದ 219ನೆಯ ಶಾಸನವಾಗಿ ಅದು ಅಚ್ಚಾಗಿರುವುದು. ಅಂದಿನಿಂದ ವಿದ್ವಾಂಸರು ಅದನ್ನು ಆಗಾಗ ಉಲ್ಲೇಖಿಸುತ್ತ ಬಂದಿರುವರು. ಆದರೆ ವಿದ್ವಾಂಸರ ಗ್ರಂಥದ ಒಂದು ಅಡಿಟಿಪ್ಪಣಿಯಿಂದ ಜನರ ನಾಲಗೆಗೆ ಬರುವ ದಾರಿ ಬಹಳ ದೂರದ್ದು. ಆ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆಯುವುದಷ್ಟೇ ಈ ಲೇಖನದ ಉದ್ದೇಶ.

ಮೊದಲು ಸ್ಥಳವನ್ನು ನೋಡೋಣ. ಬಂದಳಿಕೆಗೆ ಹಿಂದೆ ಬಂದಣಿಕೆ ಎಂದು ಹೆಸರಿದ್ದಿತು; ಸಂಸ್ಕೃತದಲ್ಲಿ ಇದನ್ನು ಬಾಂಧವಪುರವೆಂದು ಕರೆದಿರುವುದುಂಟು. ಜೈನರಿಗೆ ಇದೊಂದು ಪ್ರಸಿದ್ಧ ತೀರ್ಥವಾಗಿದ್ದಿತು. ಮುಂದೆ ಹನ್ನೆರಡನೆಯ ಶತಮಾನದಲ್ಲಿ ಕದಂಬರ ಒಂದು ಶಾಖೆಯವರಿಗೆ ಇದೇ ರಾಜಧಾನಿಯಾಯಿತು. ಈಗ ಅಲ್ಲಿ ಪಟ್ಟಣವಿಲ್ಲ. ಶಾಂತಿನಾಥನ ಬಸದಿಯೂ, ತ್ರಿಮೂರ್ತಿ ನಾರಾಯಣ, ಸೋಮೇಶ್ವರ ಮೊದಲಾದ ಗುಡಿಗಳೂ ಗಿಡಮರಗಳ ನಡುವೆ ಹಾಳುಬಿದ್ದು ನಿಂತಿವೆ. ಬಳ್ಳಿಗಾವೆ ತಾಳಗುಂದಗಳಂತಹ ಹೆಸರಾಂತ ಊರುಗಳು ಇದೇ ತಾಲ್ಲೂಕಿನವು. ಅಕ್ಕಮಹಾದೇವಿಯ ಜನ್ಮಸ್ಥಳವೆಂದು ಹೇಳುವ ಉಡುತಡಿಯೂ ಇಲ್ಲಿಯದೇ. ಆದುದರಿಂದ ಈ ನೆಲಕ್ಕೆ ಸ್ವತಂತ್ರಬುದ್ಧಿಯ ಸ್ತ್ರೀಯರು ಹೊಸಬರಲ್ಲ.

ಅಂದಿನ ರಾಜ್ಯವಿಭಾಗದಲ್ಲಿ ಈ ಪ್ರದೇಶವು ಬನವಾಸಿ ಪನ್ನಿರ್ಚ್ಛಾಸಿರದ ಒಳಗಿದ್ದಿತು. ಪನ್ನಿರ್ಚ್ಛಾಸಿರವೆಂದರೆ ಹನ್ನೆರಡು ಸಾವಿರ. ಆ ದೊಡ್ಡ ಪ್ರಾಂತದೊಳಗೆ ಎಪ್ಪತ್ತು ಎಪ್ಪತ್ತರ ಚಿಕ್ಕ ನಾಡುಗಳಿದ್ದುವು: ಜಿಡ್ಡುಳಿಗೆ ಎಪ್ಪತ್ತು, ಎಡೆವತ್ತೆ ಎಪ್ಪತ್ತು, ನಾಗರಖಂಡ ಎಪ್ಪತ್ತು. ಹನ್ನೆರಡು ಸಾವಿರದಂತಹ ದೊಡ್ಡ ಸಂಖ್ಯೆಗಳ ಅರ್ಥದ ಬಗ್ಗೆ ಪಂಡಿತರಲ್ಲಿ ವಾದಗಳಿರುವುವು. ಚಿಕ್ಕ ಸಂಖ್ಯೆಗಳು ಮಾತ್ರ ಹಳ್ಳಿಗಳ ಎಣಿಕೆಯೆಂದು ಬಹುಮಂದಿ ಒಪ್ಪುವರು. ಹಾಗೆ ನೋಡಿದರೆ ನಾಗರಖಂಡವು ಸುಮಾರು ಎಪ್ಪತ್ತು ಹಳ್ಳಿಗಳ ಒಂದು ಗುಂಪು. ಇಂದಿನ ಒಂದೆರಡು ಹೋಬಳಿಗಳಿಗೆ ಸರಿದೂಗಬಹುದಾದ ನಾಡು.

ಇನ್ನು ಕಾಲ. ಮಾನ್ಯಖೇಟದಲ್ಲಿ ಆಗ ರಾಷ್ಟ್ರಕೂಟರ ಎರಡನೆಯ ಕೃಷ್ಣನು, ಎಂದರೆ ಅಕಾಲವರ್ಷ ಕನ್ನರದೇವನು, ಆಳುತ್ತಿದ್ದನು. ಇವನು ಕನ್ನಡಿಗರೆಲ್ಲರಿಗೂ ಪೂಜ್ಯನಾದ ನೃಪತುಂಗ ಅಮೋಘವರ್ಷನ ಮಗನು. ಬನವಾಸಿಯನ್ನು ಮಹಾಸಾಮಂತನಾದ ಕಲಿವಿಟ್ಟರಸನು ನೋಡಿಕೊಳ್ಳುತ್ತಿದ್ದನು. ಆದಿಕವಿ ಪಂಪನು 902ರಲ್ಲಿ ಹುಟ್ಟಿದನೆಂಬ ಲೆಕ್ಕವನ್ನು ಒಪ್ಪುವುದಾದರೆ, ಅವನು ಆಗ ಇನ್ನೂ ಅಕ್ಷರಾಭ್ಯಾಸದ ವಯಸ್ಸಿನ ಬಾಲಕನಾಗಿದ್ದನು.

ನಾಗರಖಂಡ ಎಪ್ಪತ್ತಕ್ಕೆ ಸತ್ತರಸ ನಾಗಾರ್ಜುನನೆಂಬವನು ನಾಳ್ಗಾವುಂಡನಾಗಿದ್ದನು. ಅವನು ತೀರಿಕೊಂಡನು. ಆಗ ಅರಸನು ಆ ಪದವಿಯನ್ನು ಅವನ ಪತ್ನಿಯಾದ ಜಕ್ಕಿಯಬ್ಬೆಗೆ ಕೊಟ್ಟನು. ಶಾಸನವು ಹೇಳುವ ಮುಖ್ಯ ಸಂಗತಿ ಇಷ್ಟೇ. ಅದನ್ನು ಅದು ಯಾವ ಆಶ್ಚರ್ಯವನ್ನೂ ತೋರದೆ, ಯಾವ ಕಾರಣವನ್ನೂ ಒಡ್ಡದೆ, ನಡೆದದ್ದನ್ನು ನಡೆದಂತೆ ಹೇಳುತ್ತದೆ.

ನಾಳ್ಗಾವುಂಡನೆಂದರೆ ಯಾರು? ನಾಳ್ ಎಂಬುದು ನಾಡು ಎಂಬ ಶಬ್ದದ ರೂಪಭೇದ. ಗಾವುಂಡ ಶಬ್ದವೇ ಸವೆದು ಇಂದಿನ ಗೌಡನಾಗಿರುವುದು. ಒಂದೊಂದು ಊರಿಗೆ ಊರ್ಗಾವುಂಡನಿದ್ದಂತೆ, ಊರುಗಳ ಸಮೂಹವಾದ ನಾಡಿಗೆ ನಾಳ್ಗಾವುಂಡನು. ಮೇಲೆ ಸಾಮಂತನೂ ಅರಸನೂ, ಕೆಳಗೆ ಒಕ್ಕಲುಮಕ್ಕಳೂ ಊರ ಗಾವುಂಡರೂ. ಇವರ ನಡುವಣ ಸೇತುವೆಯೇ ಈ ಪದವಿ. ಅರಸನಿಗೆ ಸಲ್ಲಬೇಕಾದ ತೆರಿಗೆ ಕೂಡಿಬರುವಂತೆ ನೋಡಿಕೊಳ್ಳುವುದು, ಭೂಮಿಯ ಎಲ್ಲೆಕಟ್ಟುಗಳ ಜಗಳವನ್ನು ತೀರಿಸುವುದು, ದತ್ತಿದಾನಗಳಿಗೆ ಸಾಕ್ಷಿಯಾಗಿ ನಿಲ್ಲುವುದು, ಊರಿಗೆ ಕಳ್ಳರೋ ಹಗೆಗಳೋ ನುಗ್ಗಿದಾಗ ಆಳುಗಳನ್ನು ಕೂಡಿಸಿ ಕಾಯುವುದು, ಇವು ಗಾವುಂಡರ ಕೈಯ ಕೆಲಸಗಳು. ಶಿಕಾರಿಪುರ ಸೊರಬ ಸೀಮೆಗಳಲ್ಲಿ ಓಡಾಡಿದವರು ಅಲ್ಲಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿರಬಹುದು. ತುರುಗಳನ್ನು ಹಿಡಿದೊಯ್ಯುವವರೊಡನೆ ಕಾದಿ ಸತ್ತವರ ಕಲ್ಲುಗಳು ಅವುಗಳಲ್ಲಿ ಎಷ್ಟೋ ಇರುವುವು. ಅಂತಹ ನಾಡಿನಲ್ಲಿ ನಾಳ್ಗಾವುಂಡತನವೆಂಬುದು ಕುಳಿತು ಉಣ್ಣುವ ಮರ್ಯಾದೆಯ ಪದವಿಯಾಗಿರಲಿಲ್ಲ.

ಈ ಭಾರವನ್ನು ಜಕ್ಕಿಯಬ್ಬೆಯು ಹೇಗೆ ಹೊತ್ತಳು? ಶಾಸನವು ಅವಳನ್ನು ಉತ್ತಮವಾದ ಆಡಳಿತದಲ್ಲಿ ನಿಪುಣೆಯೆಂದೂ ಜಿನೇಂದ್ರನ ಶಾಸನದಲ್ಲಿ ಭಕ್ತಿಯುಳ್ಳವಳೆಂದೂ ಹೊಗಳುತ್ತದೆ. ಹೆಂಗಸಾಗಿದ್ದರೂ ತನ್ನ ವೀರದ ಹೆಮ್ಮೆಯಿಂದ ನಾಗರಖಂಡ ಎಪ್ಪತ್ತನ್ನು ಚೆನ್ನಾಗಿ ಪಾಲಿಸಿದಳೆಂದು ಹೇಳುತ್ತದೆ. ಈ ‘ಆಗಿದ್ದರೂ’ ಎಂಬ ಮಾತಿನ ಬಳಿ ನಾವು ಸ್ವಲ್ಪ ನಿಲ್ಲಬೇಕು. ವ್ಯಾಕರಣದಲ್ಲಿ ಅದೊಂದು ಚಿಕ್ಕ ಪ್ರತ್ಯಯ. ಸಮಾಜದಲ್ಲಿ ಅದೊಂದು ದೊಡ್ಡ ಗೋಡೆ. ಸ್ತ್ರೀಯಿಂದ ಈ ಕೆಲಸವಾಗದು ಎಂಬ ನಂಬಿಕೆಯು ಅಂದೂ ಇದ್ದಿತೆಂಬುದಕ್ಕೆ ಆ ಪ್ರತ್ಯಯವೇ ಪ್ರಮಾಣ. ಆ ನಂಬಿಕೆ ಇದ್ದೂ ಅರಸನು ಅವಳನ್ನು ನೇಮಿಸಿದನೆಂಬುದಕ್ಕೂ, ಅವಳು ಅದನ್ನು ಸುಳ್ಳುಮಾಡಿ ತೋರಿಸಿದಳೆಂಬುದಕ್ಕೂ ಅದೇ ವಾಕ್ಯವೇ ಪ್ರಮಾಣ. ಒಂದೇ ಕಲ್ಲಿನ ಒಂದೇ ಮಾತು ಕಾಲದ ಸಂಕೋಚವನ್ನೂ ಕಾಲದ ಔದಾರ್ಯವನ್ನೂ ಒಟ್ಟಿಗೆ ಹೇಳುತ್ತಿರುವುದು.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಶಾಸನಗಳ ಹೊಗಳಿಕೆಯನ್ನು ಅಕ್ಷರಶಃ ನಂಬಬಹುದೇ? ನಮ್ಮ ಶಾಸನಕವಿಗಳು ಊರ ತಳವಾರನನ್ನೂ ಭೀಮಾರ್ಜುನರಿಗೆ ಸಮನೆನ್ನುವವರು. ಗಂಡನು ಸತ್ತ ಮೇಲೆ ಮನೆತನದ ಮೇಲಿನ ದಾಕ್ಷಿಣ್ಯದಿಂದ ಹೆಂಡತಿಯ ಹೆಸರಿಗೆ ಪದವಿಯನ್ನು ಬರೆಸಿ, ಕೆಲಸವನ್ನೆಲ್ಲ ಭಾವಮೈದುನರೋ ಕಾರಭಾರಿಗಳೋ ನಡೆಸಿರಬಾರದೇ? ಈ ಆಕ್ಷೇಪವು ನ್ಯಾಯವಾದುದೇ ಸರಿ. ಅದನ್ನು ತಳ್ಳಿಹಾಕದೆ ಉತ್ತರ ಕೊಡುವುದು ಯೋಗ್ಯ. ಹೊಗಳಿಕೆಯ ವಿಶೇಷಣಗಳನ್ನೆಲ್ಲ ಕಳೆದುಬಿಡೋಣ. ಆಗಲೂ ಉಳಿಯುವುದು ಮೂರು ಸಂಗತಿಗಳು. ಪದವಿಯನ್ನು ಕೊಟ್ಟವನು ಅರಸನು, ಇದು ಒಂದು. ಪದವಿಯು ಬಂದುದು ಅವಳ ಹೆಸರಿಗೇ ಹೊರತು ಬೇರೊಬ್ಬ ಗಂಡಸಿನ ಹೆಸರಿಗಲ್ಲ, ಇದು ಎರಡು. ಅವಳ ಪಾಲನೆಯು ಒಂದೆರಡು ತಿಂಗಳ ಮಾತಲ್ಲ, 911ರ ಸುಮಾರಿನಿಂದ 918ರ ಸುಮಾರಿನವರೆಗೆ, ಏಳು ವರ್ಷಗಳ ಮಾತು, ಇದು ಮೂರು.

ಈ ಮೂರನೆಯ ಸಂಗತಿಯು ತೋರುವುದಕ್ಕಿಂತ ಹೆಚ್ಚಿನದು. ಈ ಏಳು ವರ್ಷಗಳ ನಡುವೆಯೇ, 914ರಲ್ಲಿ, ಕೃಷ್ಣನು ಗತಿಸಿ ಅವನ ಮೊಮ್ಮಗನಾದ ಮೂರನೆಯ ಇಂದ್ರನು ಪಟ್ಟಕ್ಕೆ ಬಂದನು. ಹೊಸ ಅರಸನು ಬಂದಾಗ ಹಳೆಯ ಅರಸನ ದಾಕ್ಷಿಣ್ಯಗಳು ಕರಗುವುದು ಲೋಕರೂಢಿ. ಇಂದ್ರನು ಸುಮ್ಮನೆ ಕುಳಿತ ಅರಸನೂ ಅಲ್ಲ. 916ರ ಸುಮಾರಿನಲ್ಲಿ ಉತ್ತರಕ್ಕೆ ದಂಡೆತ್ತಿ ಕನೋಜಿಯವರೆಗೆ ನಡೆದವನು. ಅಂತಹ ದಂಡಯಾತ್ರೆಗೆ ಹಣವೂ ಧಾನ್ಯವೂ ಆಳುಗಳೂ ಕೊನೆಗೆ ಬರುವುದು ಎಲ್ಲಿಂದ? ನಾಡುಗಳಿಂದಲೇ. ಆ ಕಾಲದಲ್ಲಿ ಒಂದು ನಾಡಿನ ಮುಖ್ಯಸ್ಥನು ಅಸಮರ್ಥನಾಗಿದ್ದರೆ ಅವನನ್ನು ಉಳಿಸಿಕೊಳ್ಳುವ ಪುರುಸೊತ್ತು ಯಾವ ಪ್ರಭುವಿಗೂ ಇರುವುದಿಲ್ಲ. ಎರಡು ಆಳ್ವಿಕೆಗಳ ಹೊಸ್ತಿಲನ್ನು ದಾಟಿ ಜಕ್ಕಿಯಬ್ಬೆಯು ನಿಂತಳೆಂದರೆ, ಅದು ಅವಳ ಕೆಲಸವು ನಡೆಯುತ್ತಿದ್ದಿತೆಂಬುದಕ್ಕೆ ಯಾವ ಪ್ರಶಸ್ತಿಪದ್ಯಕ್ಕಿಂತಲೂ ಬಲವಾದ ಸಾಕ್ಷಿ.

ಇನ್ನೊಂದು ದೃಷ್ಟಿಯಿಂದಲೂ ಈ ಸಂಗತಿಯನ್ನು ವಿಚಾರಿಸಬೇಕು. ಗಂಡನು ಸತ್ತ ಹೆಣ್ಣಿಗೆ ಅಂದಿನ ಸಮಾಜವು ಯಾವ ಯಾವ ದಾರಿಗಳನ್ನು ಇಟ್ಟಿದ್ದಿತು? ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನವಿರುವುದು. ನವಿಲೆನಾಡಿನ ಏಚನೆಂಬವನು ಕುಸ್ತಿಯಲ್ಲಿ ಎದುರಾಳಿಯನ್ನು ಕೊಂದುದಕ್ಕಾಗಿ ಮರಣದಂಡನೆಗೆ ಗುರಿಯಾಗಲು, ಅವನ ಪತ್ನಿ ದೇಕಬ್ಬೆಯು ಬಂಧುಗಳು ಎಷ್ಟು ಬೇಡಿಕೊಂಡರೂ ಕೇಳದೆ ಬೆಂಕಿಯನ್ನು ಹೊಕ್ಕಳೆಂದು ಅದು ಕರುಳು ಕರಗುವಂತೆ ವರ್ಣಿಸುವುದು. ಇದೊಂದು ದಾರಿ. ಲಕ್ಕುಂಡಿಯ ಅತ್ತಿಮಬ್ಬೆಯ ಮನೆಯಲ್ಲಿ ಎರಡು ದಾರಿಗಳೂ ಒಟ್ಟಿಗೆ ಕಾಣುವುವು. ನಾಗದೇವನು ಯುದ್ಧದಲ್ಲಿ ಮಡಿದಾಗ ಅವನ ಇಬ್ಬರು ಪತ್ನಿಯರಲ್ಲಿ ತಂಗಿ ಗುಂಡಮಬ್ಬೆಯು ಚಿತೆಯನ್ನೇರಿದಳು. ಅಕ್ಕ ಅತ್ತಿಮಬ್ಬೆಯು ಬದುಕಿ, ಮಗನನ್ನು ಬೆಳಸಿ, 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಸಿ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿ, ದಾನಚಿಂತಾಮಣಿಯೆನಿಸಿದಳು. ಚಿತೆಯೊಂದು ದಾರಿ, ವ್ರತದಾನಗಳದು ಇನ್ನೊಂದು ದಾರಿ. ಜಕ್ಕಿಯಬ್ಬೆಯು ನಡೆದುದು ಮೂರನೆಯದು. ಅವಳು ಗಂಡನ ಹಿಂದೆ ಹೋಗಲಿಲ್ಲ. ಮನೆಯ ಒಳಕೋಣೆಗೂ ಸೇರಲಿಲ್ಲ. ಗಂಡನು ಬಿಟ್ಟುಹೋದ ಕೆಲಸವನ್ನೇ ಎತ್ತಿಕೊಂಡಳು. ಕಾಲಕ್ರಮದಲ್ಲಿ ಇವರೆಲ್ಲರಿಗಿಂತ ಅವಳೇ ಹಿಂದಿನವಳೆಂಬುದನ್ನು ಮರೆಯಬಾರದು.

ಧರ್ಮಶಾಸ್ತ್ರವು ಇದಕ್ಕೆ ಏನನ್ನುವುದು? ಗಂಡುಸಂತಾನವಿಲ್ಲದವನ ಆಸ್ತಿಗೆ ಹಕ್ಕುದಾರರನ್ನು ಎಣಿಸುವಾಗ ಯಾಜ್ಞವಲ್ಕ್ಯರು ಪತ್ನಿಯನ್ನು ಮೊದಲಿಗೂ, ಹೆಣ್ಣುಮಕ್ಕಳನ್ನು ಅವಳ ತರುವಾಯಕ್ಕೂ ಇಟ್ಟಿರುವರು. ಈ ವಚನವನ್ನು ಅಲ್ಲಗಳೆಯಲು ಬಹುಮಂದಿ ಪ್ರಯತ್ನಿಸಿದರು. ಅವರೆಲ್ಲರ ವಾದಗಳನ್ನು ಒಂದೊಂದಾಗಿ ಖಂಡಿಸಿ, ವಿಭಕ್ತನಾಗಿ ಮೃತನಾದ ಅಪುತ್ರನ ಸ್ವತ್ತು ಸಾಧ್ವಿಯಾದ ಪತ್ನಿಗೇ ಮೊದಲು ಸೇರತಕ್ಕದ್ದೆಂದು ನಿಲ್ಲಿಸಿದವರು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರರು. ಅವರು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವರು, ಕನ್ನಡ ನೆಲದ ಪಂಡಿತರು. ವಿಕ್ರಮಾದಿತ್ಯನ ಆಳ್ವಿಕೆ 1076ರಿಂದ 1126ರವರೆಗೆ; ಎಂದರೆ ಮಿತಾಕ್ಷರೆಯು ಜಕ್ಕಿಯಬ್ಬೆಗಿಂತ ಒಂದೂವರೆ ಶತಮಾನಕ್ಕೂ ಹೆಚ್ಚು ಈಚಿನದು. ಆಸ್ತಿಯ ಮಾತು ಬೇರೆ, ಅಧಿಕಾರದ ಮಾತು ಬೇರೆ ಎಂಬುದು ನಿಜ. ಮನೆಯ ಭತ್ತದ ಕಣಜವು ಶಾಸ್ತ್ರದಿಂದ ಬರಬಹುದು. ನಾಡಿನ ಗೌಡಿಕೆಯು ಅರಸನ ಅಪ್ಪಣೆಯಿಲ್ಲದೆ ಬಾರದು. ಆದರೂ ನಮ್ಮ ಪಂಡಿತರು ಗ್ರಂಥದಲ್ಲಿ ಪತ್ನಿಯ ಹಕ್ಕನ್ನು ತರ್ಕದಿಂದ ಸ್ಥಾಪಿಸುವುದಕ್ಕೆ ಮೊದಲೇ, ಇದೇ ಕನ್ನಡನಾಡಿನ ಒಂದು ಮೂಲೆಯಲ್ಲಿ ಪತ್ನಿಯೊಬ್ಬಳು ಅಧಿಕಾರವನ್ನೇ ನಡೆಸಿ ತೋರಿಸಿದ್ದಳು. ಶಾಸ್ತ್ರವು ಆಚಾರದ ಹಿಂದೆ ಬರುವುದೂ ಉಂಟು ಎಂಬುದಕ್ಕೆ ಇದೊಂದು ದೃಷ್ಟಾಂತ.

ಜಕ್ಕಿಯಬ್ಬೆಯ ಅನಂತರ ಆಡಳಿತ ನಡೆಸಿದ ಸ್ತ್ರೀಯರ ಹೆಸರುಗಳು ಶಾಸನಗಳಲ್ಲಿ ಬೇಕಾದಷ್ಟು ಸಿಗುವುವು. ಅವರೊಳಗೆ ಹಿರಿಯಳು ಕಲ್ಯಾಣದ ಚಾಲುಕ್ಯರ ಅಕ್ಕಾದೇವಿ. ಜಯಸಿಂಹನ ಸೋದರಿ, ಗುಣದಬೆಡಂಗಿಯೆಂದು ಬಿರುದಾಂತವಳು. ಸೂಡಿಯ ಸುತ್ತಣ ಕಿಸುಕಾಡು ಎಪ್ಪತ್ತನ್ನು ಅವಳು ಆಳಿದಳು. 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಸೋಮೇಶ್ವರನ ರಾಣಿ ಮೈಲಲದೇವಿಯು ಬನವಾಸಿಯನ್ನೇ ನೋಡಿಕೊಂಡಳು. ಇವರ ಹಿರಿಮೆಗೆ ಕುಂದು ತರುವುದು ನಮ್ಮ ಉದ್ದೇಶವಲ್ಲ. ಆದರೆ ಅಕ್ಕಾದೇವಿಯು ಚಕ್ರವರ್ತಿಯ ಸೋದರಿ, ಮೈಲಲದೇವಿಯು ಪಟ್ಟದ ರಾಣಿ. ಅವರ ಮಾತಿನ ಹಿಂದೆ ಸಾಮ್ರಾಜ್ಯದ ಸೈನ್ಯವಿದ್ದಿತು. ಜಕ್ಕಿಯಬ್ಬೆಯ ಹಿಂದೆ ಇದ್ದುದು ಎಪ್ಪತ್ತು ಹಳ್ಳಿಗಳ ಜನರು ಮಾತ್ರ. ಅವರು ಅವಳನ್ನು ದಿನವೂ ನೋಡುವವರು, ಅವಳ ಗಂಡನನ್ನು ಬಲ್ಲವರು, ಅವಳ ತಪ್ಪುಒಪ್ಪುಗಳನ್ನು ಜಗಲಿಯ ಮೇಲೆ ಕುಳಿತು ಆಡುವವರು. ದೂರದ ಅರಸಿಯ ಆಜ್ಞೆಗೆ ತಲೆಬಾಗುವುದು ಸುಲಭ. ಪಕ್ಕದ ಮನೆಯ ಹೆಂಗಸಿನ ತೀರ್ಪಿಗೆ ತಲೆಬಾಗುವುದು ಕಷ್ಟ. ಸ್ಥಳೀಯ ಆಡಳಿತವೆಂಬುದರ ನಿಜವಾದ ಪರೀಕ್ಷೆಯು ಇಲ್ಲಿಯೇ ಇರುವುದು; ಆ ಪರೀಕ್ಷೆಗೆ ನಿಂತವರಲ್ಲಿ ಇಷ್ಟು ಸ್ಪಷ್ಟವಾಗಿ ನಮ್ಮ ಕಣ್ಣಿಗೆ ಬೀಳುವ ಮೊದಲಿಗರ ಸಾಲಿನಲ್ಲಿ ಇವಳು ಒಬ್ಬಳು.

ಅವಳ ಅಂತ್ಯವನ್ನೂ ಶಾಸನವು ಹೇಳುತ್ತದೆ. ದೇಹಕ್ಕೆ ರೋಗವು ತಗುಲಿತು. ಇನ್ನು ಈ ಲೋಕದ ಭೋಗಗಳು ಸಾರವಿಲ್ಲದುವೆಂದು ಅವಳು ತಿಳಿದಳು. ಮಗಳನ್ನು ಕರೆಸಿದಳು; ತನ್ನ ಸಂಪತ್ತನ್ನು ಅವಳಿಗೆ ಒಪ್ಪಿಸಿದಳು. ಆಸೆಯ ಸಂಕೋಲೆಯಿಂದ ಬಿಡಿಸಿಕೊಂಡು, ಬಂದಣಿಕೆಯ ತೀರ್ಥಕ್ಕೆ ಬಂದು, ಅಲ್ಲಿಯ ಬಸದಿಯಲ್ಲಿ ಸಲ್ಲೇಖನ ವ್ರತವನ್ನು ಕೈಕೊಂಡು ದೇಹವನ್ನು ಬಿಟ್ಟಳು. ಜೈನರಲ್ಲಿ ಈ ವ್ರತದ ಕ್ರಮ ಎಲ್ಲರಿಗೂ ತಿಳಿದದ್ದೇ. ಅದನ್ನು ವಿವರಿಸುವ ಅಗತ್ಯವಿಲ್ಲ. ನಾವು ಗಮನಿಸಬೇಕಾದುದು ಅವಳು ಮಾಡಿದ ಕ್ರಮವನ್ನು. ಮೊದಲು ಲೋಕದ ಲೆಕ್ಕವನ್ನು ಮುಗಿಸಿದಳು, ಆಮೇಲೆ ಪರಲೋಕದ ಮಾತು. ಒಪ್ಪಿಸಬೇಕಾದುದನ್ನು ಒಪ್ಪಿಸದೆ ವೈರಾಗ್ಯವೆನ್ನಲಿಲ್ಲ. ಏಳು ವರ್ಷ ನಾಡಿನ ಲೆಕ್ಕವನ್ನು ನೋಡಿದವಳಿಗೆ ಇದು ಸಹಜವಾದ ನಡತೆ. ಮತ್ತು ಒಪ್ಪಿಸಿದುದು ಮಗಳಿಗೆ. ತಾನು ಗಂಡನಿಂದ ಪಡೆದುದನ್ನು ಹೆಣ್ಣುಮಗುವಿನ ಕೈಗಿಟ್ಟು ಹೋದಳೆಂಬುದು ಸಣ್ಣ ಮಾತಲ್ಲ.

ಹೆಸರಿನ ವಿಷಯವಾಗಿ ಒಂದು ಮಾತು. ಜಕ್ಕಿ ಎಂಬುದು ಯಕ್ಷಿ ಶಬ್ದದ ತದ್ಭವ. ಜಿನಶಾಸನವನ್ನು ಕಾಯುವ ದೇವತೆಯ ಹೆಸರು. ಅಬ್ಬೆ ಎಂದರೆ ತಾಯಿ. ಕಾಯುವವಳೂ ತಾಯಿಯೂ ಒಂದೇ ಹೆಸರಿನಲ್ಲಿ ಕೂಡಿರುವರು. ತಂದೆತಾಯಿಗಳು ತೊಟ್ಟಿಲಲ್ಲಿಟ್ಟು ಕರೆದ ಹೆಸರಿಗೆ ಅವಳು ದೊಡ್ಡವಳಾದ ಮೇಲೆ ಅರ್ಥವನ್ನು ತಂದುಕೊಟ್ಟಳು.

ಇನ್ನು ಇಂದಿನ ಮಾತು. 1983ರಲ್ಲಿ ಕರ್ಣಾಟಕವು ಜಿಲ್ಲಾ ಪರಿಷತ್ತು ಮಂಡಲ ಪಂಚಾಯಿತಿಗಳ ಕಾಯಿದೆಯನ್ನು ಮಾಡಿ, 1987ರ ಚುನಾವಣೆಯಲ್ಲಿ ಸ್ತ್ರೀಯರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನಗಳನ್ನು ಮೀಸಲಿಟ್ಟಿತು. ಭಾರತದ ಸಂವಿಧಾನದ 73ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದು, ದೇಶದ ಪಂಚಾಯಿತಿಗಳಲ್ಲಿ ಮೂರರಲ್ಲೊಂದು ಪಾಲಿಗೆ ಕಡಮೆಯಿಲ್ಲದಂತೆ ಅವರಿಗೆ ಸ್ಥಾನ ಕೊಟ್ಟಿತು. ಆಮೇಲೆ ನಮ್ಮ ರಾಜ್ಯವು ಅದನ್ನು ಅರ್ಧಕ್ಕೆ ಏರಿಸಿತು. ಇದು ಸಂತೋಷದ ವಿಷಯ. ಆದರೆ ಹಳ್ಳಿಗಳಲ್ಲಿ ಎಲ್ಲರೂ ಬಲ್ಲ ಒಂದು ಸಂಗತಿಯನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ. ಅಧ್ಯಕ್ಷೆಯು ಹೆಂಗಸಾಗಿದ್ದರೂ ಕುರ್ಚಿಯ ಮೇಲೆ ಕುಳಿತು ಮಾತನಾಡುವವನು ಅವಳ ಗಂಡನಾಗಿರುವ ಊರುಗಳು ಈಗಲೂ ಉಂಟು. ಸಹಿ ಅವಳದು, ಮಾತು ಅವನದು. ಜಕ್ಕಿಯಬ್ಬೆಯ ಶಾಸನದ ‘ಆಗಿದ್ದರೂ’ ಎಂಬ ಪ್ರತ್ಯಯವು ಸಾವಿರದ ನೂರು ವರ್ಷಗಳಾದರೂ ನಮ್ಮ ಭಾಷೆಯಿಂದ ಕಳಚಿಹೋಗಿಲ್ಲ.

ಹಾಗೆಂದು ನಿರಾಶೆಪಡಬೇಕಾಗಿಯೂ ಇಲ್ಲ. ಹೆಣ್ಣು ಊರಾಳುವುದು ಪಶ್ಚಿಮದಿಂದ ಬಂದ ಹೊಸ ಪದ್ಧತಿ, ನಮ್ಮ ಸಂಪ್ರದಾಯಕ್ಕೆ ಹೊಂದದು, ಎಂದು ಹೇಳುವ ಹಿರಿಯರು ಇನ್ನೂ ಇದ್ದಾರೆ. ಅವರಿಗೆ ವಾದದಿಂದ ಉತ್ತರ ಕೊಡಬೇಕಾಗಿಲ್ಲ. ಬಂದಳಿಕೆಯ ದಾರಿ ತೋರಿಸಿದರೆ ಸಾಕು. ಸಂಪ್ರದಾಯವೆಂಬುದು ಒಂದೇ ಕಾಲುವೆಯಲ್ಲಿ ಹರಿದುಬಂದ ನೀರಲ್ಲ. ಚಿತೆಯೂ ಅದರಲ್ಲಿ ಉಂಟು, ನಾಳ್ಗಾವುಂಡತನವೂ ಅದರಲ್ಲಿ ಉಂಟು. ಯಾವುದನ್ನು ಮುಂದಕ್ಕೆ ಒಯ್ಯಬೇಕೆಂಬುದನ್ನು ಆರಿಸಿಕೊಳ್ಳುವ ಭಾರವು ಪ್ರತಿಯೊಂದು ತಲೆಮಾರಿಗೂ ಹೊಸದಾಗಿಯೇ ಬೀಳುವುದು.

ಪಾಠಶಾಲೆಗಳ ಚರಿತ್ರೆಯ ಪುಸ್ತಕಗಳಲ್ಲಿ ರಾಷ್ಟ್ರಕೂಟರೆಂದರೆ ಯುದ್ಧಗಳ ಪಟ್ಟಿ, ಎಲ್ಲೋರದ ಗುಡಿ, ನೃಪತುಂಗನ ಹೆಸರು ಎಂದು ಮುಗಿದುಹೋಗುವುದು. ಕನೋಜಿಯನ್ನು ಮುತ್ತಿದ ಇಂದ್ರನ ಹೆಸರನ್ನು ಬಾಯಿಪಾಠ ಮಾಡುವ ಬಾಲಕ ಬಾಲಿಕೆಯರು, ಅದೇ ಇಂದ್ರನ ಕಾಲದಲ್ಲಿ ನಾಗರಖಂಡದ ಎಪ್ಪತ್ತು ಹಳ್ಳಿಗಳನ್ನು ಒಪ್ಪವಾಗಿ ನೋಡಿಕೊಂಡಿದ್ದವಳ ಹೆಸರನ್ನೂ ಅದರ ಪಕ್ಕದಲ್ಲಿಯೇ ಕಲಿಯುವಂತಾದರೆ ಒಳ್ಳೆಯದು. ದೂರದ ನಗರವನ್ನು ಗೆಲ್ಲುವುದೂ ಒಂದು ಕೀರ್ತಿಯೇ. ಇಂದ್ರನು ಗೆದ್ದ ಕನೋಜಿಯು ಅವನ ಕೈಯಲ್ಲಿ ಉಳಿಯಲಿಲ್ಲ. ಹತ್ತಿರದ ಊರುಗಳನ್ನು ಚೆನ್ನಾಗಿ ಪಾಲಿಸುವುದೂ ಒಂದು ಕೀರ್ತಿ. ಅದನ್ನು ಹೇಳುವ ಕಲ್ಲು ಬಂದಳಿಕೆಯಲ್ಲಿ ಉಳಿದುಬಂದಿರುವುದು.